ವಿಧಾನಸೌಧ ನೋಡುವುದಕ್ಕೆ ಟಿಕೆಟ್ ಸಿಗುತ್ತದೆ, ಮಾತಾಡುವುದಕ್ಕೆ ಜಾಗ ಎಲ್ಲಿ?

ಭಾನುವಾರ ಸಂಜೆ ಆರೂವರೆ ಹೊತ್ತಿಗೆ ಅಂಬೇಡ್ಕರ್ ವೀಧಿಗೆ ಹೋಗಿ ನಿಂತುಕೊಳ್ಳಿ. ಒಂದು ಕಡೆ ಕೆಂಪು ಬಣ್ಣದ ಅಠಾರ ಕಚೇರಿ, ಎದುರಿಗೆ ವಿಧಾನಸೌಧ. ದೀಪ ಹತ್ತುವ ಮೊದಲೇ ಫುಟ್‌ಪಾತ್ ತುಂಬಿರುತ್ತದೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಸೆಲ್ಫಿ ತೆಗೆಯುವ ಕಾಲೇಜು ಹುಡುಗಿಯರು, ಊರಿಂದ ಬಂದ ನೆಂಟರಿಗೆ ಬೆಂಗಳೂರು ತೋರಿಸುತ್ತಿರುವವರು. ಹೋದ ಸಲ ನಾನು ಹೋದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಚೀಲ, ಕಾಲಲ್ಲಿ ಹೊಸ ಚಪ್ಪಲಿ. ಮೊಮ್ಮಗ ಬೇಲಿಯ ಸರಳುಗಳ ಸಂದಿಯಲ್ಲಿ ಫೋನ್ ತೂರಿಸಿ ಫೋಟೊ ತೆಗೆಯುತ್ತಿದ್ದ. ಈಚೆಯಿಂದ ತೆಗೆದರೆ ಫೋಟೊದಲ್ಲಿ ಕಟ್ಟಡಕ್ಕಿಂತ ಸರಳೇ ಜಾಸ್ತಿ ಕಾಣುತ್ತದೆ. "ಮೇಲೆ ಏನೋ ಬರ್ದವ್ರಲ್ಲ, ಓದೋ" ಅಂದರು ಅಜ್ಜಿ. ಹುಡುಗ ಫೋನಿನಲ್ಲಿ ಹಿಗ್ಗಿಸಿ ನೋಡಿ ಓದಿದ: "ಸರ್ಕಾರದ ಕೆಲಸ ದೇವರ ಕೆಲಸ." ಅಜ್ಜಿ ಚೀಲವನ್ನು ಮೊಣಕೈಗೆ ಸರಿಸಿ, ಕಟ್ಟಡಕ್ಕೆ ಕೈ ಮುಗಿದರು.

ಆ ಕೈಮುಗಿತ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಯಾಕೆಂದರೆ ಈ ಕಟ್ಟಡ ನಮಗೆ ಏನು ಅನ್ನುವುದು ಈಗ ಮತ್ತೆ ಬದಲಾಗುತ್ತಿದೆ. 2025ರಲ್ಲಿ ಒಂದೇ ವರ್ಷದೊಳಗೆ ಇಲ್ಲಿ ಭುವನೇಶ್ವರಿ ಪ್ರತಿಮೆ ಬಂತು, ಪುಸ್ತಕ ಮೇಳ ನಡೆಯಿತು, ಶಾಶ್ವತ ದೀಪಾಲಂಕಾರ ಬಂತು, ಟಿಕೆಟ್ ಕೊಟ್ಟು ಒಳಗೆ ಸುತ್ತಾಡಿಸುವ ಪ್ರವಾಸ ಶುರುವಾಯಿತು, ಕ್ರಿಕೆಟ್ ತಂಡಕ್ಕೆ ಸನ್ಮಾನವೂ ಆಯಿತು. ಬಾಗಿಲು ತೆರೆಯುತ್ತಿದೆ, ಅದು ನಿಜ, ನನಗೂ ಸಂತೋಷವೇ. ಆದರೆ ಯಾರಿಗೆ, ಯಾವ ಕೆಲಸಕ್ಕೆ ತೆರೆಯುತ್ತಿದೆ ಅಂತ ನೋಡಿದರೆ ನನಗೆ ಒಂದು ಕಳವಳ ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಎದುರಿಗಿರುವ ಅಠಾರ ಕಚೇರಿ 1868ರಲ್ಲಿ ಮುಗಿದದ್ದು. ಅಠಾರ ಅಂದರೆ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು, ಅದಕ್ಕೇ ಆ ಹೆಸರು. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ಎದ್ದ ಕಟ್ಟಡ, ದಪ್ಪ ಕಂಬಗಳ ಯುರೋಪಿನ ಶೈಲಿ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದ ಶಾಸಕರು ಕೂತು ಕಲಾಪ ನಡೆಸಿದ್ದೂ ಅಲ್ಲೇ. ಈಗ ಅದು ಹೈಕೋರ್ಟ್. 80ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕಿತ್ತು. ಜನ ಬೀದಿಗಿಳಿದರು, ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಒಂದು ಕಾಲಕ್ಕೆ ಪರದೇಶದವರ ಆಳ್ವಿಕೆಯ ಗುರುತಾಗಿದ್ದ ಕಟ್ಟಡವನ್ನು "ಇದು ನಮ್ಮದು, ಮುಟ್ಟಬೇಡಿ" ಅಂತ ಇಲ್ಲಿಯ ಜನವೇ ಕಾಪಾಡಿಕೊಂಡರು. ಅಂದರೆ, ಕಟ್ಟಿದವರು ಏನು ಅಂದುಕೊಂಡು ಕಟ್ಟಿದ್ದರೋ ಅದೇ ಅರ್ಥ ಕೊನೆತನಕ ಇರಬೇಕು ಅಂತೇನೂ ಇಲ್ಲ.

ವಿಧಾನಸೌಧದ ಕಥೆಯೂ ಅಷ್ಟೇ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಅವರ ಕಾಲದ ನಕ್ಷೆ ಸಾದಾ ಆಗಿತ್ತು, ಖರ್ಚೂ ಕಡಿಮೆ ಇತ್ತು. ಆಮೇಲೆ ಬಂದ ಕೆಂಗಲ್ ಹನುಮಂತಯ್ಯ ಅದನ್ನು ಪೂರ್ತಿ ಬದಲಿಸಿಬಿಟ್ಟರು. ಬೆಂಗಳೂರಿಗೆ ಬಂದಿದ್ದ ರಷ್ಯಾದ ತಂಡವೊಂದು ಊರೆಲ್ಲ ಸುತ್ತಿ, "ನಿಮ್ಮದೇ ಅನ್ನುವ ಕಟ್ಟಡ ಒಂದೂ ಇಲ್ವಾ, ಎಲ್ಲ ಯುರೋಪಿನ ಥರಾನೇ ಇದೆಯಲ್ಲ" ಅಂತ ಕೇಳಿತಂತೆ. ಆ ಮಾತು ಕೆಂಗಲ್ ಅವರಿಗೆ ನಾಟಿತು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅಠಾರ ಕಚೇರಿಯ ಎದುರಿಗೇ, ಅದಕ್ಕೆ ಮುಖ ಕೊಟ್ಟು, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ, ನಮ್ಮ ದೇವಸ್ಥಾನ ಅರಮನೆಗಳ ಕಂಬ, ಕಮಾನು, ಗೋಪುರಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದು ಸುಮ್ನೆ ಆಗಿದ್ದಲ್ಲ. ಅದು ಒಂದು ಉತ್ತರ.

ಸರ್ಕಾರಿ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ವಿನ್ಯಾಸ. ಮುಂಭಾಗದಲ್ಲಿ 40 ಅಡಿ ಎತ್ತರದ 12 ಕಂಬ. 200 ಅಡಿಗೂ ಹೆಚ್ಚು ಅಗಲವಾದ 45 ಮೆಟ್ಟಿಲು. ನಡುವಿನ ಗುಮ್ಮಟದ ಅಡ್ಡಳತೆ 60 ಅಡಿ, ಅದರ ಮೇಲೆ ನಾಲ್ಕು ಸಿಂಹ. ಒಟ್ಟು ಖರ್ಚು ಸುಮಾರು 1.84 ಕೋಟಿ ರೂಪಾಯಿ. ಈಗ ಅದು ಬೆಂಗಳೂರಿನ ಒಂದು ಒಳ್ಳೆಯ ಫ್ಲಾಟಿನ ರೇಟು, ಆದರೆ ಆ ಕಾಲಕ್ಕೆ ಭಾರಿ ದುಡ್ಡು. ಎಷ್ಟು ಭಾರಿ ಅಂದರೆ, ದುಂದುವೆಚ್ಚ ಅಂತ ಗಲಾಟೆ ಆಗಿ ವಿಚಾರಣೆಯೇ ನಡೆಯಿತು. ಕಟ್ಟಡ ಪೂರ್ತಿ ಆಗುವ ಹೊತ್ತಿಗೆ ಕೆಂಗಲ್ ಮುಖ್ಯಮಂತ್ರಿ ಆಗಿರಲಿಲ್ಲ. 1956ರ ಆಗಸ್ಟಿನಲ್ಲೇ ಅವರು ಕುರ್ಚಿ ಬಿಟ್ಟಾಗಿತ್ತು.

ಅದೇ 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಯಿತು. ಹಳೇ ಮೈಸೂರಿಗೆ ಅಂತ ಕಟ್ಟಲು ಶುರು ಮಾಡಿದ ಕಟ್ಟಡಕ್ಕೆ ಬೀದರ್, ಕಲಬುರಗಿ, ಧಾರವಾಡ, ಕಾರವಾರ, ಮಂಗಳೂರು, ಕೊಡಗು ಎಲ್ಲ ಕಡೆಯ ಜನಪ್ರತಿನಿಧಿಗಳು ಬಂದರು. ಮುಂಬೈಗೋ ಹೈದರಾಬಾದಿಗೋ ಮದರಾಸಿಗೋ ಅರ್ಜಿ ಹಿಡಿದುಕೊಂಡು ಹೋಗಿ ಬೇರೆ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದವರಿಗೆ ಕನ್ನಡದಲ್ಲೇ ಮಾತಾಡುವ ಒಂದು ಜಾಗ ಸಿಕ್ಕಿತು. ವಿಧಾನಸೌಧದ ಮೊದಲ ದೊಡ್ಡ ಅರ್ಥಬದಲಾವಣೆ ಇದು ಅಂತ ನನ್ನ ಲೆಕ್ಕ. ಕಟ್ಟಡದ ಒಂದು ಕಲ್ಲೂ ಅಲುಗಲಿಲ್ಲ, ಅದು ಯಾರದು ಅನ್ನುವುದು ಮಾತ್ರ ಬದಲಾಯಿತು.

ಇನ್ನು ಆ ಬರಹದ ವಿಷಯ. "ಸರ್ಕಾರದ ಕೆಲಸ ದೇವರ ಕೆಲಸ" ಅನ್ನುವುದನ್ನು ನಾವೆಲ್ಲ ಕಲ್ಲಿನಲ್ಲಿ ಕೊರೆದ ಮಾತು, ಇನ್ನು ಬದಲಾಗದ್ದು ಅಂದುಕೊಳ್ಳುತ್ತೇವೆ ಅಲ್ವಾ. ಆದರೆ 1957ರಲ್ಲೇ ಅದನ್ನು ತೆಗೆದು "ಸತ್ಯಮೇವ ಜಯತೆ" ಅಂತ ಹಾಕುವ ಯೋಜನೆ ಇತ್ತು. 7,500 ರೂಪಾಯಿ ಖರ್ಚಿನ ಲೆಕ್ಕವೂ ಆಗಿತ್ತು. ಕೊನೆಗೆ ಅದು ನಡೆಯಲಿಲ್ಲ. ಕಟ್ಟಡ ಎದ್ದು ನಿಂತ ಹೊಸದರಲ್ಲೇ ಅದರ ಹಣೆಬರಹದ ಬಗ್ಗೆಯೇ ಜಗಳ.

ಆ ಜಗಳ ಇವತ್ತಿಗೂ ಮುಗಿದಿಲ್ಲ ಅನಿಸುತ್ತದೆ, ಯಾಕೆಂದರೆ ಆ ವಾಕ್ಯವನ್ನು ಎರಡು ರೀತಿ ಓದಬಹುದು. ಒಳಗೆ ಕೂತು ಕಡತ ನೋಡುವ ಗುಮಾಸ್ತರಿಂದ ಹಿಡಿದು ಮಂತ್ರಿಯ ತನಕ, "ದೇವರ ಕೆಲಸ ಮಾಡಿದಷ್ಟು ಶ್ರದ್ಧೆಯಿಂದ ಮಾಡಪ್ಪಾ" ಅಂತ ಎಚ್ಚರಿಸುವ ಮಾತಾಗಿ ಓದಬಹುದು. ಹಾಗೆ ಓದಿದರೆ ಅದು ಒಳಗಿರುವವರ ಹೆಗಲ ಮೇಲಿನ ಹೊರೆ. ಇಲ್ಲವೇ ಹೊರಗೆ ನಿಂತವರಿಗೆ, "ಒಳಗೆ ನಡೆಯುವುದು ದೇವರ ಕೆಲಸ, ಕೈ ಮುಗಿದು ಕಾಯಿರಿ" ಅಂತ ಹೇಳುವ ಮಾತಾಗಿಯೂ ಅದು ಕೇಳಿಸಬಹುದು. ಆ ಅಜ್ಜಿ ಎರಡನೆಯ ಥರ ಕೇಳಿಸಿಕೊಂಡರು. ತಪ್ಪು ಅಜ್ಜಿಯದಲ್ಲ. ಅವರು ನಿಂತ ಜಾಗದಿಂದ ಅದು ಹಾಗೇ ಕೇಳಿಸುವುದು.

ಹಳಬರನ್ನು ಕೇಳಿ ನೋಡಿ. ಮೊದಲು ಈ ಬೇಲಿ ಇರಲಿಲ್ಲ ಅಂತ ಅವರೇ ಹೇಳುತ್ತಾರೆ. ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದ ನೆನಪು ಎಷ್ಟೋ ಮನೆಗಳಲ್ಲಿದೆ. 80ರ ದಶಕದಲ್ಲಿ ಹಸಿರು ಶಾಲು ಹೊದ್ದ ರೈತರು ಬೆಂಗಳೂರಿಗೆ ಬಂದರೆ ಅವರ ಗುರಿ ವಿಧಾನಸೌಧವೇ. ಕನ್ನಡದ ಹೋರಾಟ, ಕಾರ್ಮಿಕರ ಹೋರಾಟ, ದಲಿತರ ಹೋರಾಟ, ಯಾವುದೇ ಇರಲಿ, "ವಿಧಾನಸೌಧ ಚಲೋ" ಅನ್ನುವುದು ಒಂದು ಕರೆಯಾಗಿತ್ತು. ಆ ಮಾತಿನಲ್ಲಿ ಕಟ್ಟಡದ ಹೆಸರಿದೆ, ಅದರ ಜೊತೆಗೆ ಹೋದರೆ ಕೇಳಿಸಿಕೊಳ್ಳುವವರು ಅಲ್ಲಿದ್ದಾರೆ ಅನ್ನುವ ನಂಬಿಕೆಯೂ ಇದೆ.

2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ಆಯಿತು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಗುಂಡಿನ ದಾಳಿ ನಡೆಯಿತು. ಇಂಥ ಘಟನೆಗಳಾದ ಮೇಲೆ ದೇಶದ ಎಲ್ಲ ಕಡೆ ಸರ್ಕಾರಿ ಕಟ್ಟಡಗಳ ಸುತ್ತ ಭದ್ರತೆ ಬಿಗಿಯಾಯಿತು. ಬೇಲಿ, ಗೇಟು, ಪಾಸು, ಲೋಹಶೋಧಕ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಭಯ ನಿಜವಾದದ್ದು, ಒಳಗೆ ಕೆಲಸ ಮಾಡುವವರ ಜೀವವೂ ಜೀವವೇ.

ಆದರೆ ಬೇಲಿ ಬಂದ ಮೇಲೆ ಇನ್ನೊಂದು ನಡೆಯಿತು. ಬೇಲಿಯ ಹೊರಗೂ ನಿಲ್ಲಬೇಡಿ ಅನ್ನುವುದು. ಬೆಂಗಳೂರಿನಲ್ಲಿ ಮೆರವಣಿಗೆ ಪ್ರತಿಭಟನೆಗಳಿಂದ ರಸ್ತೆಗಳು ಬಂದ್ ಆಗಿ ಜನ ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು ಹೈಕೋರ್ಟಿನ ತನಕ ಹೋಯಿತು. 2021ರಲ್ಲಿ ಬಂದ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗ ಅಂದರೆ ಫ್ರೀಡಂ ಪಾರ್ಕ್ ಮಾತ್ರ. ಆಂಬುಲೆನ್ಸ್ ನಿಲ್ಲುತ್ತದೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ತೊಂದರೆ ಆಗುತ್ತದೆ, ಈ ಕಾರಣಗಳನ್ನು ತಳ್ಳಿಹಾಕುವ ಹಾಗಿಲ್ಲ. ನಾನೂ ಅಂಥ ಟ್ರಾಫಿಕ್ಕಿನಲ್ಲಿ ಕೂತವನೇ.

ಫ್ರೀಡಂ ಪಾರ್ಕ್ ಅಂದರೆ ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಂಥವರನ್ನು ಕೂಡಿಹಾಕಿದ್ದ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಅದು ಪಾರ್ಕ್ ಆಯಿತು. ಈಗ ಇದರ ಪಕ್ಕಕ್ಕೆ ಇನ್ನೊಂದು ಸಂಗತಿ ಇಟ್ಟು ನೋಡಿ. ವಿಧಾನಸೌಧ ಕಟ್ಟಿದ ಸುಮಾರು 5,000 ಕೂಲಿಕಾರರಲ್ಲಿ ಕೈದಿಗಳೂ ಇದ್ದರು. ಕೈಗೆ ಉಳಿ ಸುತ್ತಿಗೆ ಕೊಟ್ಟು ಕೆಲಸ ಕಲಿಸಿದರು, ಅವರು ಹೊತ್ತ, ಒಡೆದ, ತಿದ್ದಿದ ಕಲ್ಲುಗಳು ಆ ಗೋಡೆಗಳಲ್ಲಿವೆ. ಅಂದು ಕೈದಿಗಳು ವಿಧಾನಸೌಧದ ಅಂಗಳಕ್ಕೆ ಬಂದಿದ್ದರು. ಇಂದು ನಾಗರಿಕರು ತಮ್ಮ ಮಾತು ಹೇಳಲು ಹಳೆಯ ಜೈಲಿನ ಅಂಗಳಕ್ಕೆ ಹೋಗಬೇಕು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಅಲ್ಲಿ ಹಗಲು ರಾತ್ರಿ ಕೂತಿದ್ದರು. ಜನವರಿಯ ಬೆಂಗಳೂರಿನ ಚಳಿ ಗೊತ್ತಲ್ಲ. ಚಾಪೆ ಹಾಸಿ, ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ ಹೆಂಗಸರು. ಕೊರೊನಾ ಕಾಲದಲ್ಲಿ ನಮ್ಮ ನಿಮ್ಮ ಮನೆ ಬಾಗಿಲಿಗೆ ಬಂದು ಜ್ವರ ಇದೆಯಾ ಅಂತ ಕೇಳಿದವರು. ಅವರು ಕೂತ ಜಾಗದಿಂದ ವಿಧಾನಸೌಧ ದೂರ ಏನಿಲ್ಲ, ಎರಡು ಕಿಲೋಮೀಟರೂ ಇಲ್ಲ. ಆದರೆ ಅಲ್ಲಿಂದ ಅದು ಕಾಣುವುದಿಲ್ಲ. ವಿಧಾನಸೌಧದ ಕಿಟಕಿಯಿಂದ ಅವರೂ ಕಾಣುವುದಿಲ್ಲ. ಪ್ರತಿಭಟನೆ ಅನ್ನುವುದು ಮೂಲದಲ್ಲಿ ಕಣ್ಣಿಗೆ ಬೀಳುವ ಕೆಲಸ. ಯಾರ ಕಣ್ಣಿಗೆ ಬೀಳಬೇಕೋ ಅವರ ಕಣ್ಣಿನಿಂದ ಅದನ್ನು ಸರಿಸಿಟ್ಟರೆ, ಹಕ್ಕು ಕಾಗದದಲ್ಲಿ ಇರುತ್ತದೆ, ಬಲ ಹೋಗಿರುತ್ತದೆ.

ಇದೇ ಹೊತ್ತಿಗೆ ಬಾಗಿಲು ಇನ್ನೊಂದು ಕಡೆಯಿಂದ ತೆರೆಯಿತು. 2025ರ ಫೆಬ್ರವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲಿ ಪುಸ್ತಕ ಮೇಳ ನಡೆಯಿತು. ಏಪ್ರಿಲ್‌ನಲ್ಲಿ ಶಾಶ್ವತ ದೀಪಾಲಂಕಾರ. ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆಯ ಕಡೆಯಿಂದ ಗೈಡ್ ಜೊತೆ ಒಳಗೆ ಸುತ್ತಾಟ. ದೊಡ್ಡವರಿಗೆ 50 ರೂಪಾಯಿ, ಆನ್‌ಲೈನಿನಲ್ಲಿ ಬುಕ್ ಮಾಡಬೇಕು, ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ. ಎಷ್ಟೋ ವರ್ಷ ಟೂರ್ ಬಸ್ಸಿನ ಕಿಟಕಿಯಿಂದ ಐದು ನಿಮಿಷ ನೋಡಿ ಹೋಗುತ್ತಿದ್ದ ಶಾಲಾ ಮಕ್ಕಳು ಈಗ ಒಳಗೆ ಕಾಲಿಡಬಹುದು. ಇದು ಚಿಕ್ಕ ವಿಷಯ ಅಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ಸಭಾಂಗಣದ ಸಾಲು ಸಾಲು ಕುರ್ಚಿ ನೋಡಿ "ನಾನೂ ಇಲ್ಲಿ ಕೂರಬಹುದಾ?" ಅಂತ ಕೇಳಿದರೆ, ಆ ಪ್ರಶ್ನೆಗೆ 50 ರೂಪಾಯಿ ಬೆಲೆ ಕಟ್ಟಲು ಆಗುತ್ತಾ?

ಆ ಪ್ರಶ್ನೆಯನ್ನು ಒಬ್ಬ ಹಿರಿಯರು ಮೊದಲೇ ತಮ್ಮದೇ ರೀತಿಯಲ್ಲಿ ಕೇಳಿಬಿಟ್ಟಿದ್ದರು. 2023ರ ಜುಲೈ 7, ಬಜೆಟ್ ದಿನ. ಶಾಸಕರಲ್ಲದ ವ್ಯಕ್ತಿಯೊಬ್ಬರು ಸೀದಾ ಸದನದೊಳಗೆ ಹೋಗಿ ಶಾಸಕರೊಬ್ಬರ ಸೀಟಿನಲ್ಲಿ ಕೂತುಬಿಟ್ಟರು. ಸುಮಾರು ಹದಿನೈದು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಪೊಲೀಸರು ಹಿಡಿದರು. ಭದ್ರತಾ ಲೋಪ ಅಂತ ಟಿವಿಯಲ್ಲಿ ಚರ್ಚೆ ಆಯಿತು, ಅದು ಲೋಪವೇ ಸರಿ. ಆದರೆ ಆ ಸುದ್ದಿ ಓದಿದಾಗ ನನಗೆ ಮೊದಲು ಅನಿಸಿದ್ದು ಬೇರೆ. ಆ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಬೇಕು ಅನ್ನುವ ಆಸೆ ಎಷ್ಟು ಜನರಿಗೆ ಇರಬಹುದು!

2025ರ ಜೂನ್ 4ರ ಬಗ್ಗೆ ಹೇಳದೆ ಈ ಮಾತು ಮುಂದಕ್ಕೆ ಹೋಗುವುದಿಲ್ಲ. ಹದಿನೆಂಟು ವರ್ಷ ಕಾದು ಆರ್‌ಸಿಬಿ ಕಪ್ ಗೆದ್ದಿತ್ತು. ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ. ಎದುರಿನ ರಸ್ತೆ, ಮರ, ಗೋಡೆ, ಎಲ್ಲ ಕಡೆ ಜನ. ಅದೇ ಸಂಜೆ, ಹತ್ತಿರದ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಯಾರ ತಪ್ಪು ಎಷ್ಟು ಅನ್ನುವುದನ್ನು ವಿಚಾರಣೆಗಳು ಹೇಳಬೇಕು. ನಾನು ಕಟ್ಟಡದ ಮಾತಿಗಷ್ಟೇ ನಿಲ್ಲುತ್ತೇನೆ. ನಾಲ್ಕೈದು ನೂರು ಜನ ಸೇರಿ ತಮ್ಮ ಸಂಬಳದ ವಿಷಯ ಮಾತಾಡಲು ಸಂಚಾರದ ಕಾರಣಕ್ಕೆ ಜಾಗ ಇಲ್ಲ ಅನ್ನುವ ರಸ್ತೆಯಲ್ಲಿ, ಸಂಭ್ರಮಕ್ಕಾದರೆ ಒಂದೇ ದಿನದಲ್ಲಿ ಜಾಗ ಆಗುತ್ತದೆ. ಆಡಳಿತಕ್ಕೆ ಆ ಮೆಟ್ಟಿಲುಗಳು ಈಗ ವೇದಿಕೆ ಆಗಿಬಿಟ್ಟಿವೆ. 2018ರ ಮೇ 23ರಂದು ಕುಮಾರಸ್ವಾಮಿ ಪ್ರಮಾಣವಚನ ತೆಗೆದುಕೊಂಡದ್ದೂ ಅಲ್ಲೇ, ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಕೈ ಎತ್ತಿ ನಿಂತ ಫೋಟೊ ನೆನಪಿರಬಹುದು. 2023ರ ಸೆಪ್ಟೆಂಬರ್ 15ರಂದು ಸಂವಿಧಾನದ ಪೀಠಿಕೆಯನ್ನು ಸಾಮೂಹಿಕವಾಗಿ ಓದಿದ್ದೂ ಅಲ್ಲೇ. ಆ ದಿನ ನನಗೆ ಇಷ್ಟವಾಗಿತ್ತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೂ ಮೆಟ್ಟಿಲ ಮೇಲಿನಿಂದ ಕೆಳಗೆ ಮಾತಾಡುವುದಕ್ಕೂ ಕೆಳಗಿನಿಂದ ಮೇಲಕ್ಕೆ ಕೂಗಿ ಹೇಳುವುದಕ್ಕೂ ವ್ಯತ್ಯಾಸ ಇದೆ.

ಪ್ರತಿಮೆಗಳ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಅಂಬೇಡ್ಕರ್, ನೆಹರೂ, ಕೆಂಗಲ್ ಮೊದಲಿನಿಂದ ಇದ್ದವರು. 2023ರ ಮಾರ್ಚ್‌ನಲ್ಲಿ ಬಸವಣ್ಣ ಮತ್ತು ಕೆಂಪೇಗೌಡ ಬಂದರು, 2025ರ ಜನವರಿಯಲ್ಲಿ ಕಂಚಿನ ಭುವನೇಶ್ವರಿ. ಯಾವ ಪಕ್ಷ ಬಂದರೂ ಆ ಅಂಗಳಕ್ಕೆ ತನ್ನ ಒಂದು ಮಾತು ಸೇರಿಸಿ ಹೋಗುತ್ತದೆ. ಸೇರಿಸಲಿ. ಜನ ಸೇರುವ ಜಾಗ ಉಳಿದರೆ ಸಾಕು.

ಹೆಸರಿನ ಕಥೆ ಮಾತ್ರ ಸ್ವಾರಸ್ಯವಾಗಿದೆ. ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲ ಕಚೇರಿ ಒಂದೇ ಸೂರಿನಡಿ ತಂದು "ಮಿನಿ ವಿಧಾನಸೌಧ" ಅಂತ ಹೆಸರಿಟ್ಟಿದ್ದೆವಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅಂತ ಸಾಮಾನ್ಯ ಜನ ನಿಜವಾಗಿ ಕಾಲಿಡುವ ವಿಧಾನಸೌಧ ಅದೇ. 2022ರಲ್ಲಿ ಆ ಹೆಸರು ತೆಗೆದು "ತಾಲ್ಲೂಕು ಆಡಳಿತ ಸೌಧ" ಅಂತ ಮಾಡಿದರು. ಈಗ ಹೊಸದಾಗಿ ಕಟ್ಟುವವಕ್ಕೆ "ಪ್ರಜಾಸೌಧ" ಅನ್ನುತ್ತಾರೆ. ಆದರೆ ಆಟೊ ಹತ್ತಿ "ಮಿನಿ ವಿಧಾನಸೌಧ" ಅಂದರೇನೇ ಇವತ್ತಿಗೂ ಕರೆದುಕೊಂಡು ಹೋಗುತ್ತಾರೆ. ಬೋರ್ಡ್ ಬದಲಿಸಿದ ತಕ್ಷಣ ಜನರ ಬಾಯಲ್ಲಿ ಕೂತ ಅರ್ಥ ಬದಲಾಗುವುದಿಲ್ಲ.

ಬೆಳಗಾವಿಯ ಸುವರ್ಣ ವಿಧಾನಸೌಧ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಗಡಿಯಲ್ಲಿ ನಿಂತು "ಬೆಳಗಾವಿ ಕರ್ನಾಟಕದ್ದು" ಅಂತ ಹೇಳಲು ಕಟ್ಟಿದ ಕಟ್ಟಡ. ಚಳಿಗಾಲದ ಅಧಿವೇಶನದ ಹತ್ತು ಹನ್ನೆರಡು ದಿನ ಬಿಟ್ಟರೆ ವರ್ಷದ ಬಹುಭಾಗ ಅಲ್ಲಿ ಸದ್ದಿಲ್ಲ. 2022ರಲ್ಲಿ ಅಲ್ಲಿಯ ದಿನಗೂಲಿ ಹೆಂಗಸೊಬ್ಬರು ಬಿಸಿಲು ಚೆನ್ನಾಗಿದೆ ಅಂತ ಕಟ್ಟಡದ ಮುಂದೆ ಶಾವಿಗೆ ಒಣಗಿಸಿದ ಫೋಟೊ ಎಲ್ಲ ಕಡೆ ಓಡಾಡಿತು. ಅವರನ್ನು ಕೆಲಸದಿಂದ ತೆಗೆದದ್ದು ಸುದ್ದಿಯಾಯಿತು, ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು. ಖಾಲಿ ಬಿದ್ದ ಕಲ್ಲುಹಾಸಿನ ಮೇಲೆ ಒಬ್ಬ ತಾಯಿ ಬಿಳಿ ಬಟ್ಟೆ ಹಾಸಿ ಶಾವಿಗೆ ಹರಡಿದರೆ ಅದರಿಂದ ಕಟ್ಟಡದ ಮರ್ಯಾದೆ ಹೋಗುತ್ತದೆ ಅನ್ನುವುದಾದರೆ, ಆ ಮರ್ಯಾದೆ ಯಾರಿಗಾಗಿ?

ಆದರೆ ಇದೇ ಬೆಳಗಾವಿಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ಬೆಂಗಳೂರು ಅದನ್ನು ನೋಡಿ ಕಲಿಯಬೇಕು. ಅಧಿವೇಶನ ನಡೆಯುವಾಗ ಕೊಂಡಸಕೊಪ್ಪದ ಕಡೆ ಪ್ರತಿಭಟನೆ ಮಾಡುವವರಿಗೆ ಅಂತಲೇ ಪೆಂಡಾಲ್ ಹಾಕಿಕೊಡುತ್ತಾರೆ. ರೈತರು, ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು ದಿನಕ್ಕೊಬ್ಬರಂತೆ ಬಂದು ಕೂರುತ್ತಾರೆ. ಸಚಿವರು ಅಲ್ಲಿಗೇ ಹೋಗಿ ಮನವಿ ತೆಗೆದುಕೊಳ್ಳುತ್ತಾರೆ. ಎಲ್ಲ ಬೇಡಿಕೆಯೂ ಈಡೇರುತ್ತದೆ ಅಂತ ಹೇಳುತ್ತಿಲ್ಲ. 2024ರ ಡಿಸೆಂಬರ್ 10ರಂದು ಅಲ್ಲೇ ಪಂಚಮಸಾಲಿ ಮೀಸಲಾತಿ ಹೋರಾಟಗಾರರ ಮೇಲೆ ಲಾಠಿ ಬೀಸಿದ್ದೂ ನಡೆದಿದೆ. ಆದರೂ ಮಂತ್ರಿ ಎದ್ದು ನಡೆದುಕೊಂಡು ಜನ ಕೂತಲ್ಲಿಗೆ ಹೋಗುವುದು ಅನ್ನುವ ಒಂದು ರೂಢಿ ಅಲ್ಲಿ ಬೆಳೆದಿದೆ.

ಬೆಂಗಳೂರಿನಲ್ಲಿ ಇದನ್ನು ಮಾಡಲು ಹೊಸ ಕಾನೂನು ಬೇಕಿಲ್ಲ, ಕೋಟಿಗಟ್ಟಲೆ ದುಡ್ಡೂ ಬೇಕಿಲ್ಲ. ರಸ್ತೆ ತಡೆಯದೆ ನೂರಿನ್ನೂರು ಜನ ಕೂರುವಷ್ಟು ಜಾಗವನ್ನು ವಿಧಾನಸೌಧ ಕಾಣುವ ಕಡೆ ಗುರುತಿಸಬಹುದು. ಮೊದಲೇ ಹೆಸರು ಬರೆಸಿ, ಹೊತ್ತು ನಿಗದಿ ಮಾಡಿಕೊಂಡು ಬರಲಿ. ಪ್ರವಾಸಕ್ಕೆ ಆನ್‌ಲೈನ್ ಬುಕಿಂಗ್ ಮಾಡಲು ಗೊತ್ತಿರುವ ಸರ್ಕಾರಕ್ಕೆ ಇದಕ್ಕೂ ಒಂದು ವ್ಯವಸ್ಥೆ ಮಾಡಲು ಗೊತ್ತು. ದೊಡ್ಡ ಸಭೆಗಳು ಫ್ರೀಡಂ ಪಾರ್ಕಿನಲ್ಲೇ ಇರಲಿ, ಆದರೆ ಅಧಿವೇಶನದ ದಿನಗಳಲ್ಲಿ ಸಂಜೆ ಇಷ್ಟು ಹೊತ್ತಿಗೆ ಒಬ್ಬ ಸಚಿವರು ಅಲ್ಲಿಗೆ ಬಂದೇ ಬರುತ್ತಾರೆ ಅನ್ನುವ ನಿಯಮ ಇರಲಿ. ಯಾರು ಬಂದರು, ಯಾವ ಮನವಿ ತೆಗೆದುಕೊಂಡರು ಅನ್ನುವುದನ್ನು ಮರುದಿನ ಸದನದಲ್ಲಿ ಓದಿ ದಾಖಲೆಗೆ ಸೇರಿಸಲಿ.

ಪ್ರವಾಸದ ಗೈಡ್‌ಗಳಿಗೂ ಒಂದು ಮನವಿ. ಗುಮ್ಮಟದ ಅಳತೆ, ಕಲ್ಲಿನ ಬಣ್ಣ ಹೇಳಿ, ಮಕ್ಕಳಿಗೆ ಅದು ಇಷ್ಟ. ಅದರ ಜೊತೆಗೆ ಈ ಕಲ್ಲುಗಳನ್ನು ಕೈದಿಗಳೂ ಕೆತ್ತಿದ್ದಾರೆ ಅಂತ ಹೇಳಿ. ಬಾಗಿಲ ಮೇಲಿನ ಬರಹವನ್ನು ತೆಗೆಯಬೇಕು ಅಂತ ಒಮ್ಮೆ ಯೋಚನೆ ಆಗಿತ್ತು ಅಂತ ಹೇಳಿ. ಕಟ್ಟಡದ ಮುಂದಿನ ರಸ್ತೆಯಲ್ಲಿ ಹಸಿರು ಶಾಲಿನವರು ತುಂಬಿದ್ದ ದಿನಗಳ ಬಗ್ಗೆಯೂ ಎರಡು ಮಾತು ಹೇಳಿ. ಮುಂದಿನ ತಿಂಗಳು ನಮ್ಮಮ್ಮ ಊರಿಂದ ಬರುತ್ತಾರೆ, ಅವರಿಗೆ ಅಂತ ನಾನು ಎರಡು ಟಿಕೆಟ್ ಬುಕ್ ಮಾಡುವವನಿದ್ದೇನೆ. ಊರಿನ ಕೆರೆ ಹೂಳೆತ್ತುವ ಬಗ್ಗೆ ಅವರ ಮಹಿಳಾ ಸಂಘದವರು ಬರೆದ ಅರ್ಜಿಯೊಂದು ಅವರ ಹತ್ತಿರ ಇದೆ. ಟೂರಿಗೆ ಹೋಗುವಾಗ ಅದನ್ನೂ ತರಲೇನು ಅಂತ ಮೊನ್ನೆ ಫೋನಿನಲ್ಲಿ ಕೇಳಿದರು. ತನ್ನಿ ಅಂದೆ. ಅಲ್ಲಿ ಯಾರ ಕೈಗೆ ಕೊಡುವುದು ಅಂತ ಅವರು ಕೇಳಿದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.